ಅಪ್ಪನ ವಿಟಮಿನ್ ಇ ಬಾಟಲಿ: ರಕ್ತನಾಳ ನಿಜವಾಗಿ ಕ್ಲೀನ್ ಆಗುತ್ತದಾ?

ಮೆಣಸಿನ ಬಳ್ಳಿ (ಸಿದ್ದಾಪುರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 67 ವರ್ಷ. ಎರಡು ವರ್ಷದ ಹಿಂದೆ ಎದೆನೋವು ಬಂದು, ಮೈಸೂರಿಗೆ ಕರೆದುಕೊಂಡು ಹೋಗಿ ಒಂದು ಸ್ಟೆಂಟ್ ಹಾಕಿಸಿದೆವು. ಅಂದಿನಿಂದ ಮಾತ್ರೆ ನಡೆಯುತ್ತಿದೆ. ರಕ್ತ ಹೆಪ್ಪುಗಟ್ಟದ ಹಾಗೆ ಎರಡು, ಬಿಪಿಗೆ ಒಂದು, ರಾತ್ರಿ ಕೊಲೆಸ್ಟ್ರಾಲಿಗೆ ಒಂದು.

ಈ ಸಲ ಪುತ್ತರಿ ಹಬ್ಬಕ್ಕೆ ಅಮೆರಿಕದಿಂದ ಚಿಕ್ಕಪ್ಪನ ಮಗ ಬಂದಿದ್ದ. ಬರುವಾಗ ಒಂದು ದೊಡ್ಡ ಬಾಟಲಿ ತಂದ. ವಿಟಮಿನ್ ಇ, 400 ಐಯು (ವಿಟಮಿನ್ ಅಳೆಯುವ ಒಂದು ಅಳತೆ), 180 ಕ್ಯಾಪ್ಸೂಲ್. "ದೊಡ್ಡಪ್ಪಾ, ಇದು ರಕ್ತನಾಳದ ಒಳಗೆ ಕೂತಿರುವ ಕೊಬ್ಬನ್ನೆಲ್ಲ ತೊಳೆದು ಹಾಕುತ್ತದೆ" ಅಂದ. ಅಪ್ಪನಿಗೆ ಅಷ್ಟೇ ಸಾಕಾಯಿತು.

ಕಾಫಿ ಕೊಯ್ಲು, ಆಮೇಲೆ ಮೆಣಸು ಅಂತ ನಾನೂ ಗಮನಿಸಲಿಲ್ಲ. ಹೋದ ವಾರ ಮಾತ್ರೆ ಡಬ್ಬ ತೆಗೆದು ನೋಡಿದರೆ ರಾತ್ರಿಯ ಮಾತ್ರೆ ಹಾಗ್ಹಾಗೇ ಉಳಿದಿದೆ. ಕೇಳಿದ್ದಕ್ಕೆ, "ಅದು ತಿಂದರೆ ಕಾಲು ನೋವು. ಇದೂ ಅದೇ ಕೆಲಸ ಮಾಡುತ್ತದಲ್ಲ, ಎರಡೆರಡು ಯಾಕೆ?" ಅಂದರು.

ವಿಟಮಿನ್ ಇ ರಕ್ತನಾಳಕ್ಕೆ ನಿಜವಾಗಿ ಒಳ್ಳೆಯದಾ? ಸುಮ್ನೆ ಫಾರ್ವರ್ಡ್ ಕಳಿಸಬೇಡಿ, ಗೊತ್ತಿದ್ದವರು ಹೇಳಿ.

ಗೋಣಿಕೊಪ್ಪ ಮೆಡಿಕಲ್ಸ್ ಹುಡುಗ

ಬಳ್ಳಿ ಅವರೇ, ಮೊದಲು ಒಂದು ಕೆಲಸ ಮಾಡಿ. ರಾತ್ರಿಯ ಮಾತ್ರೆ ಬಿಟ್ಟಿರುವ ವಿಷಯ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಸ್ಟೆಂಟ್ ಹಾಕಿದವರಿಗೆ ಅದು ಸುಮ್ನೆ ಬರೆದುಕೊಟ್ಟ ಮಾತ್ರೆ ಅಲ್ಲ. ವಿಟಮಿನ್ ವಿಷಯ ನಿಧಾನಕ್ಕೆ ಮಾತಾಡೋಣ.

ಹತ್ತು ವರ್ಷದಿಂದ ಕೌಂಟರಿನಲ್ಲಿ ನಿಂತಿದ್ದೇನೆ. ವಿಟಮಿನ್ ಇ ಕೇಳಿಕೊಂಡು ಬರುವವರಲ್ಲಿ ಅರ್ಧ ಜನಕ್ಕೆ ಅದನ್ನು ನುಂಗುವ ಉದ್ದೇಶವೇ ಇರುವುದಿಲ್ಲ! ಸೂಜಿ ಚುಚ್ಚಿ ಮುಖಕ್ಕೆ ಹಚ್ಚುತ್ತಾರೆ, ತಲೆಗೆ ಎಣ್ಣೆ ಜೊತೆ ಬೆರೆಸುತ್ತಾರೆ. ಇನ್ನರ್ಧ ಜನ ರಾತ್ರಿ ಮೀನಖಂಡ ಹಿಡಿಯುತ್ತದೆ ಅಂತ ಬರುತ್ತಾರೆ. ಹಾರ್ಟಿಗೆ ಅಂತ ಕೇಳುವವರು ಕಡಿಮೆಯಾಗಿದ್ದರು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಮತ್ತೆ ಶುರುವಾಗಿದೆ.

ಬಾಟಲಿ ಮೇಲೆ ಒಂದು ವಿಷಯ ನೋಡಿ. "ಡಿ-ಆಲ್ಫಾ" ಅಂತ ಇದ್ದರೆ ಗಿಡದ ಎಣ್ಣೆಯಿಂದ ತೆಗೆದದ್ದು, "ಡಿಎಲ್-ಆಲ್ಫಾ" ಅಂದರೆ ಫ್ಯಾಕ್ಟರಿಯಲ್ಲಿ ಮಾಡಿದ್ದು. ಮೊದಲನೆಯದಾದರೆ 400 ಐಯು ಅಂದರೆ ಸುಮಾರು 268 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು ಅಂತ ಅಮೆರಿಕದವರೇ ಲೆಕ್ಕ ಹಾಕಿದ್ದಾರೆ. ನಿಮ್ಮ ಅಪ್ಪ ಒಂದು ಕ್ಯಾಪ್ಸೂಲಿನಲ್ಲಿ ಹದಿನೇಳು ಹದಿನೆಂಟು ದಿನದ್ದು ನುಂಗುತ್ತಿದ್ದಾರೆ.

ಬ್ರಹ್ಮಗಿರಿ ಗಾಳಿ

ಯಾಕೆ ಸುಮ್ನೆ ಹೆದರಿಸುತ್ತೀರಿ? ನಮ್ಮ ಅವ್ವನಿಗೆ 1997ರಲ್ಲಿ ಡಾಕ್ಟರೇ ಬರೆದುಕೊಟ್ಟಿದ್ದರು, ಹಾರ್ಟಿಗೆ ಒಳ್ಳೆಯದು ಅಂತಲೇ. ಅವ್ವ 88 ವರ್ಷ ಬದುಕಿದರು. ಹಾಗಾದರೆ ಆ ಡಾಕ್ಟರ್ ಸುಳ್ಳು ಹೇಳಿದರಾ?

ನಿವೃತ್ತ ಡಾಕ್ಟರ್, ಮಡಿಕೇರಿ

ಸುಳ್ಳು ಹೇಳಿಲ್ಲಪ್ಪ. ಆ ಕಾಲಕ್ಕೆ ನಾನೂ ಬರೆದುಕೊಡುತ್ತಿದ್ದೆ. ಆದ್ದರಿಂದ ಸ್ವಲ್ಪ ಉದ್ದ ಉತ್ತರ ಬರೆಯುವ ಸಾಲ ನನ್ನ ಮೇಲಿದೆ.

ಈ ವಿಟಮಿನ್ ಸಿಕ್ಕಿದ್ದು 1922ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಇವಾನ್ಸ್ ಮತ್ತು ಬಿಷಪ್ ಅನ್ನುವ ಇಬ್ಬರು ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಅದು ಸಿಗದ ಇಲಿಗಳಿಗೆ ಗರ್ಭ ನಿಲ್ಲುತ್ತಿರಲಿಲ್ಲ. ಅದಕ್ಕೇ ಟೊಕೊಫೆರಾಲ್ ಅಂತ ಹೆಸರು, ಗ್ರೀಕಿನಲ್ಲಿ ಹೆರಿಗೆಗೆ ಸಂಬಂಧಪಟ್ಟ ಪದ. ಅಂದರೆ ಶುರುವಿನಲ್ಲಿ ಹಾರ್ಟಿಗೂ ಇದಕ್ಕೂ ಏನೂ ನಂಟಿರಲಿಲ್ಲ.

ಹಾರ್ಟ್ ಬಂದದ್ದು ಹೀಗೆ. ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತೇವಲ್ಲ, ಎಲ್‌ಡಿಎಲ್, ಅದು ರಕ್ತನಾಳದ ಗೋಡೆಯೊಳಗೆ ನುಸುಳುತ್ತದೆ. ಅಲ್ಲಿ ಎಣ್ಣೆ ಕನರು ಹಿಡಿದ ಹಾಗೆ ಕೆಡುತ್ತದೆ. ಕೆಟ್ಟದ್ದನ್ನು ತಿನ್ನಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಊದಿಕೊಂಡು ಅಲ್ಲೇ ಕೂರುತ್ತವೆ. ಗೋಡೆಯಲ್ಲಿ ದಪ್ಪ ಕಟ್ಟುವುದು ಹಾಗೆ. ವಿಟಮಿನ್ ಇ ಕೊಬ್ಬಿನಲ್ಲಿ ಕರಗುವಂಥದ್ದು, ಎಲ್‌ಡಿಎಲ್ ಕಣದ ಒಳಗೇ ಕೂತು ಪ್ರಯಾಣ ಮಾಡುತ್ತದೆ. ಟೆಸ್ಟ್ ಟ್ಯೂಬಿನಲ್ಲಿ ಅದು ಕನರು ಹಿಡಿಯುವುದನ್ನು ತಡೆಯುತ್ತದೆ. ಇದನ್ನು ಓದಿದಾಗ ನಮಗೆಲ್ಲ ಎಷ್ಟು ಖುಷಿಯಾಗಿತ್ತು ಗೊತ್ತಾ?

1993ರಲ್ಲಿ ಅಮೆರಿಕದ 87,245 ನರ್ಸುಗಳ ಲೆಕ್ಕ ಬಂತು. ಎರಡು ವರ್ಷಕ್ಕಿಂತ ಜಾಸ್ತಿ ವಿಟಮಿನ್ ಇ ತಗೊಂಡವರಲ್ಲಿ ಹೃದಯದ ಕಾಯಿಲೆ ಸುಮಾರು ಶೇಕಡಾ 40 ಕಡಿಮೆ ಇತ್ತು. 1996ರಲ್ಲಿ ಕೇಂಬ್ರಿಡ್ಜಿನಲ್ಲಿ 2,002 ಹೃದ್ರೋಗಿಗಳಿಗೆ ಕೊಟ್ಟು ನೋಡಿದರು. ಪ್ರಾಣಕ್ಕೆ ಬಾರದ ಹಾರ್ಟ್ ಅಟ್ಯಾಕ್ ತುಂಬಾ ಇಳಿಯಿತು, ಸಾವು ಮಾತ್ರ ಇಳಿಯಲಿಲ್ಲ. ಆ ಎರಡನೇ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1997ರಲ್ಲಿ ನಿಮ್ಮ ಅವ್ವನಿಗೆ ಚೀಟಿ ಬರೆದವರು ಇಷ್ಟನ್ನೇ ಓದಿದ್ದರು.

ಮುಂದಿನದು ನಾಳೆ ಬರೆಯುತ್ತೇನೆ. ಇಲ್ಲಿ ಕರೆಂಟ್ ಹೋಗಿದೆ, ಫೋನ್ ಚಾರ್ಜ್ ಮುಗಿಯುತ್ತಾ ಬಂತು.

ಬೆಣ್ಣೆಹಣ್ಣು ಸೋಮವಾರಪೇಟೆ

ಡಾಕ್ಟ್ರೇ, ಒಳ್ಳೆ ಜಾಗದಲ್ಲಿ ನಿಲ್ಲಿಸಿದಿರಿ. ಧಾರಾವಾಹಿ ಥರ.

ಅಂಕಿಸಂಖ್ಯೆ ಅಕ್ಕ (ಈಗ ಮೈಸೂರು, ಊರು ನಾಪೋಕ್ಲು)

ಡಾಕ್ಟರ್ ಬರುವಷ್ಟರಲ್ಲಿ ನರ್ಸುಗಳ ಲೆಕ್ಕದ ಬಗ್ಗೆ ಒಂದು ಮಾತು. ನಾನು ಪಾಠ ಮಾಡುವಾಗ ಇದನ್ನೇ ಉದಾಹರಣೆ ಕೊಡುತ್ತೇನೆ.

ಆ ನರ್ಸುಗಳಿಗೆ ಯಾರೂ ವಿಟಮಿನ್ ಕೊಟ್ಟಿರಲಿಲ್ಲ. ಅವರೇ ತಗೊಳ್ಳುತ್ತಿದ್ದರು, ಬೇರೆಯವರು ಬರೆದುಕೊಂಡರು. ತಾನೇ ದುಡ್ಡು ಕೊಟ್ಟು ವಿಟಮಿನ್ ತಗೊಂಡು ಎರಡು ವರ್ಷ ತಪ್ಪದೆ ನುಂಗುವ ಹೆಂಗಸು ಎಂಥವಳು? ಬೆಳಿಗ್ಗೆ ವಾಕಿಂಗ್ ಹೋಗುವವಳು, ಸಿಗರೇಟು ಸೇದದವಳು, ಬಿಪಿ ಚೆಕ್ ಮಾಡಿಸಿಕೊಳ್ಳುವವಳು. ಅವಳ ಹಾರ್ಟ್ ಚೆನ್ನಾಗಿದ್ದರೆ ಅದು ವಿಟಮಿನ್ನಿನಿಂದಲಾ, ವಾಕಿಂಗಿನಿಂದಲಾ? ಲೆಕ್ಕದಲ್ಲಿ ಇದನ್ನೆಲ್ಲ ಬೇರೆ ಮಾಡಲು ನೋಡುತ್ತಾರೆ. ಪೂರ್ತಿ ಆಗುವುದಿಲ್ಲ.

ಅದಕ್ಕೇ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಬೇಕು. ಒಂದಕ್ಕೆ ನಿಜವಾದ ಗುಳಿಗೆ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿರಬಾರದು.

ನಿವೃತ್ತ ಡಾಕ್ಟರ್, ಮಡಿಕೇರಿ

ಅಕ್ಕ ನನ್ನ ಅರ್ಧ ಕೆಲಸ ಮುಗಿಸಿದ್ದಾರೆ. ಹಾಗೆ ಚೀಟಿ ಎತ್ತಿ ಮಾಡಿದ ದೊಡ್ಡ ಪರೀಕ್ಷೆಯ ಹೆಸರು ಹೋಪ್. ಫಲಿತಾಂಶ ಬಂದದ್ದು 2000ದಲ್ಲಿ. ನಡೆಸಿದ್ದು ಕೆನಡಾದಲ್ಲಿರುವ ಸಲೀಂ ಯೂಸುಫ್. ಕೇರಳದವರು, ಡಾಕ್ಟರಿ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ನಮ್ಮ ಪಕ್ಕದವರೇ ಅನ್ನಿ.

55 ವರ್ಷ ದಾಟಿದ, ಹೃದಯದ ಕಾಯಿಲೆ ಇರುವ ಅಥವಾ ಬರುವ ಅಪಾಯ ಜಾಸ್ತಿ ಇರುವ 9,541 ಜನ. ಸರಿಯಾಗಿ ಬಳ್ಳಿಯವರ ಅಪ್ಪನಂಥವರು. ಅರ್ಧ ಜನಕ್ಕೆ ದಿನಾ 400 ಐಯು ವಿಟಮಿನ್ ಇ, ಅದೂ ಗಿಡದಿಂದ ತೆಗೆದದ್ದು. ನಾಲ್ಕೂವರೆ ವರ್ಷ ನೋಡಿದರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಎಲ್ಲ ಸೇರಿಸಿದರೆ ವಿಟಮಿನ್ ತಗೊಂಡವರಲ್ಲಿ ಶೇಕಡಾ 16.2, ಖಾಲಿ ಗುಳಿಗೆಯವರಲ್ಲಿ 15.5. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ.

ಅದೇ ಜನರಲ್ಲಿ ಬಿಪಿಗೆ ಕೊಡುವ ರಾಮಿಪ್ರಿಲ್ ಅನ್ನೂ ಪರೀಕ್ಷೆ ಮಾಡಿದ್ದರು. ಅದರಲ್ಲಿ 17.8 ಇದ್ದದ್ದು 14ಕ್ಕೆ ಇಳಿಯಿತು. ಅಂದರೆ ಪರೀಕ್ಷೆಯಲ್ಲಿ ದೋಷ ಇರಲಿಲ್ಲ. ಕೆಲಸ ಮಾಡುವ ಔಷಧಿಯನ್ನು ಅದು ಹಿಡಿದು ತೋರಿಸಿತು. 2002ರಲ್ಲಿ ಬ್ರಿಟನ್ನಿನಲ್ಲಿ 20,536 ಜನರ ಮೇಲೆ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟೀನ್ ಮೂರನ್ನೂ ಸೇರಿಸಿ ಕೊಟ್ಟರು. ಏನೂ ಇಲ್ಲ. ಅದೇ ಜನರಿಗೆ ಸಿಮ್ವಾಸ್ಟಾಟಿನ್ ಕೊಟ್ಟದ್ದು ಚೆನ್ನಾಗಿ ಕೆಲಸ ಮಾಡಿತು. ಅದು ನಿಮ್ಮ ಅಪ್ಪ ಬಿಟ್ಟಿರುವ ರಾತ್ರಿ ಮಾತ್ರೆಯ ಜಾತಿಯದ್ದೇ.

2005ರಲ್ಲಿ 39,876 ಹೆಂಗಸರ ಮೇಲೆ ಹೀಗೇ ಚೀಟಿ ಎತ್ತಿ ಮಾಡಿದ ವಿಟಮಿನ್ ಇ ಪರೀಕ್ಷೆಯ ಹತ್ತು ವರ್ಷದ ಲೆಕ್ಕ ಬಂತು. ಹಾರ್ಟ್ ಅಟ್ಯಾಕೂ ಇಳಿಯಲಿಲ್ಲ, ಸ್ಟ್ರೋಕೂ ಇಳಿಯಲಿಲ್ಲ. ಹೃದಯದ ಸಾವು ಮಾತ್ರ ಸ್ವಲ್ಪ ಕಡಿಮೆ ಕಂಡಿತ್ತು. ಅದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಯಾರಾದರೂ ಹುಡುಕಿ ತಂದು ನನ್ನ ಮುಂದೆ ಹಿಡಿಯುತ್ತೀರಿ. ಬೇರೆ ಪರೀಕ್ಷೆಗಳಲ್ಲಿ ಅದು ಮತ್ತೆ ಕಾಣಲಿಲ್ಲ.

ಬ್ರಹ್ಮಗಿರಿ ಗಾಳಿ

ಹುಡುಕಿ ತಂದಿದ್ದೇನೆ ಡಾಕ್ಟ್ರೇ, ಆದರೆ ಬೇರೆಯದು. ಫಿನ್ಲೆಂಡಿನಲ್ಲಿ 520 ಜನಕ್ಕೆ ವಿಟಮಿನ್ ಇ ಮತ್ತು ಸಿ ಕೊಟ್ಟಿದ್ದಾರೆ. ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪ ಆಗುವುದು ನಿಧಾನವಾಗಿದೆ. ಇದಕ್ಕೇನು ಹೇಳುತ್ತೀರಿ?

ನಿವೃತ್ತ ಡಾಕ್ಟರ್, ಮಡಿಕೇರಿ

ಒಳ್ಳೆಯ ಪ್ರಶ್ನೆ. ಇದು ರಕ್ತನಾಳದ ವಿಷಯಕ್ಕೇ ನೇರವಾಗಿ ಬಂತು. ಅದು ನಿಜವಾದ ಅಧ್ಯಯನವೇ. ಲಾಭ ಹೆಚ್ಚಾಗಿ ಕಂಡದ್ದು ಗಂಡಸರಲ್ಲಿ, ಅದೂ ಎರಡು ವಿಟಮಿನ್ ಒಟ್ಟಿಗೆ ಕೊಟ್ಟಾಗ.

ಈಗ ಇನ್ನೊಂದು ಕಡೆ ನೋಡಿ. ಹೋಪ್ ಪರೀಕ್ಷೆಯಲ್ಲೇ 732 ಜನರ ಕುತ್ತಿಗೆಯ ರಕ್ತನಾಳವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದಿದ್ದರು. ವಿಟಮಿನ್ ಇ ಒಂದರಿಂದ ಏನೂ ಬದಲಾಗಲಿಲ್ಲ. ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಕ್ಯಾಲಿಫೋರ್ನಿಯಾದಿಂದ 2002ರಲ್ಲಿ ಬಂದ ಇನ್ನೊಂದು. ಎಲ್‌ಡಿಎಲ್ ಜಾಸ್ತಿ ಇದ್ದ, ಆದರೆ ಹೃದಯದ ಕಾಯಿಲೆ ಇನ್ನೂ ಬಂದಿರದ 332 ಜನಕ್ಕೆ 400 ಐಯು ಕೊಟ್ಟರು. ರಕ್ತ ತೆಗೆದು ನೋಡಿದರೆ ಎಲ್‌ಡಿಎಲ್ ಕನರು ಹಿಡಿಯುವುದು ನಿಜವಾಗಿ ಕಡಿಮೆಯಾಗಿತ್ತು. ಆದರೆ ರಕ್ತನಾಳದ ಗೋಡೆ ದಪ್ಪ ಆಗುವುದು ನಿಲ್ಲಲಿಲ್ಲ. ರಕ್ತದ ರಿಪೋರ್ಟ್ ಪಾಸು, ಗೋಡೆ ಫೇಲು.

ಅರೇಬಿಕಾ ಮಾವ (ಶಾಂತಳ್ಳಿ)

ಇದು ನಮಗೆ ಅರ್ಥವಾಗುವ ವಿಷಯ. ಎಲೆಗೆ ಬೋರ್ಡೋ ದ್ರಾವಣ ಹೊಡೆದು ಗಿಡ ಹಸಿರಾಗಿದೆ ಅಂತ ಖುಷಿ ಪಡುತ್ತೇವೆ. ಒಳಗೆ ಕಾಂಡಕೊರಕ ತನ್ನ ಪಾಡಿಗೆ ಕೊರೆಯುತ್ತಾ ಇರುತ್ತದೆ. ಬೋರ್ಡೋ ಸುಳ್ಳಲ್ಲ, ತುಕ್ಕು ರೋಗಕ್ಕೆ ಒಳ್ಳೆಯದು. ಕೊರಕ ಇರುವ ಜಾಗಕ್ಕೆ ಅದು ಹೋಗುವುದೇ ಇಲ್ಲ.

ನಿವೃತ್ತ ಡಾಕ್ಟರ್, ಮಡಿಕೇರಿ

ಮಾವ, ಮೂವತ್ತು ವರ್ಷ ಪಾಠ ಕೇಳಿದ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ. ಗೋಡೆಯೊಳಗೆ ಕೊಬ್ಬು ಕೆಡುವ ದಾರಿಗಳು ಬೇರೆ ಬೇರೆ ಇವೆ. ಬಿಳಿ ರಕ್ತಕಣಗಳು ಬ್ಲೀಚಿಂಗ್ ಪೌಡರಿನ ಥರದ ವಸ್ತು ಬಿಡುತ್ತವೆ, ಅದರ ಮುಂದೆ ವಿಟಮಿನ್ ಇ ಆಟ ಅಷ್ಟಾಗಿ ನಡೆಯುವುದಿಲ್ಲ. ಅದೂ ಅಲ್ಲದೆ, ಕಾಯಿಲೆ ಇಪ್ಪತ್ತು ಮೂವತ್ತು ವರ್ಷ ಬೆಳೆದ ಮೇಲೆ ನಾವು ಕ್ಯಾಪ್ಸೂಲ್ ಹಿಡಿದು ಬರುತ್ತೇವೆ.

ಸತ್ಯಶೋಧಕ 007

ಎಲ್ಲಾ ಔಷಧಿ ಕಂಪನಿಗಳ ಪಿತೂರಿ. ಅಗ್ಗದ ವಿಟಮಿನ್ ಗೆದ್ದರೆ ಅವರ ದುಬಾರಿ ಮಾತ್ರೆ ಯಾರು ಕೊಳ್ಳುತ್ತಾರೆ?

ಅಂಕಿಸಂಖ್ಯೆ ಅಕ್ಕ

ಹೋಪ್ ಪರೀಕ್ಷೆಗೆ ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಔಷಧಿ ಕಂಪನಿಗಳ ಜೊತೆ ವಿಟಮಿನ್ ಇ ಮಾಡುವವರ ಸಂಘವೂ ಇದೆ. ಗೆಲ್ಲಲಿ ಅಂತಲೇ ಕೊಟ್ಟಿರುತ್ತಾರೆ, ಅಲ್ವಾ? ಇನ್ನು ಅಗ್ಗ ದುಬಾರಿ ವಿಷಯ. ನಮ್ಮಲ್ಲಿ ಆ ರಾತ್ರಿ ಮಾತ್ರೆಯ ಜೆನೆರಿಕ್ ಬೆಲೆ ಒಮ್ಮೆ ಕೇಳಿ, ಆಮೇಲೆ ಆ ಅಮೆರಿಕದ ಬಾಟಲಿಯ ಬೆಲೆ ಕೇಳಿ.

ಕುಶಾಲನಗರ ಗೃಹಿಣಿ

ನಾನು ಯಾವಾಗಲೂ ಓದಿ ಸುಮ್ಮನಾಗುವವಳು. ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮ ಅತ್ತೆಗೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ತಿಂಗಳಿಗೊಮ್ಮೆ ಐಎನ್ಆರ್ ಟೆಸ್ಟ್, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ನೋಡುವುದು. ಯಾವಾಗಲೂ 2.5ರಿಂದ 3.5ರ ಒಳಗೆ ಇರುತ್ತಿತ್ತು. ಒಂದು ತಿಂಗಳು ಇದ್ದಕ್ಕಿದ್ದಂತೆ 5 ದಾಟಿತು. ಮೂಗಿನಲ್ಲಿ ರಕ್ತ, ಒಸಡಿನಲ್ಲಿ ರಕ್ತ. ಸೊಪ್ಪು ಕಡಿಮೆ ತಿಂದರಾ, ಬೇರೆ ಮಾತ್ರೆ ತಗೊಂಡರಾ ಅಂತ ಡಾಕ್ಟರ್ ಕೇಳಿದ್ದೇ ಕೇಳಿದ್ದು. ಅತ್ತೆ ಇಲ್ಲ ಇಲ್ಲ ಅಂದರು. ಮನೆಗೆ ಬಂದು ದಿಂಬಿನ ಪಕ್ಕ ನೋಡಿದರೆ ವಿಟಮಿನ್ ಇ ಸ್ಟ್ರಿಪ್. ಮಂಡಿನೋವಿಗೆ ಅಂತ ಪಕ್ಕದ ಮನೆಯವರು ಕೊಟ್ಟಿದ್ದಂತೆ. "ಇದು ಮಾತ್ರೆ ಅಲ್ಲಮ್ಮ, ವಿಟಮಿನ್ನು" ಅಂತ ನನಗೇ ಬುದ್ಧಿ ಹೇಳಿದರು. ನಿಲ್ಲಿಸಿದ ಮೇಲೆ ನಿಧಾನಕ್ಕೆ ಸರಿಯಾಯಿತು.

ಗೋಣಿಕೊಪ್ಪ ಮೆಡಿಕಲ್ಸ್ ಹುಡುಗ

ಅಕ್ಕ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ವಿಟಮಿನ್ ಇ ಜಾಸ್ತಿಯಾದರೆ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುತ್ತದೆ. ರಕ್ತ ಹೆಪ್ಪುಗಟ್ಟಲು ಕೆ ಬೇಕು. ವಾರ್ಫರಿನ್ ಮಾಡುವುದೂ ಅದನ್ನೇ. ಎರಡು ಸೇರಿದರೆ ಡಬಲ್.

ಬಳ್ಳಿ ಅವರೇ, ನಿಮ್ಮ ಅಪ್ಪನಿಗೆ ಎಲ್ಲಾದರೂ ಗೀರಿದರೆ ನೀಲಿಗಟ್ಟುತ್ತದಾ?

ಮೆಣಸಿನ ಬಳ್ಳಿ

ಹೌದು. ಮೆಣಸು ಕೊಯ್ಯುವಾಗ ಏಣಿ ತಾಗಿದ ಜಾಗವೆಲ್ಲ ನೀಲಿ. ವಯಸ್ಸಾಯಿತು ಅಂತ ಸುಮ್ಮನಿದ್ದೆವು.

ನಿವೃತ್ತ ಡಾಕ್ಟರ್, ಮಡಿಕೇರಿ

ಅದು ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡರಿಂದಲೇ ಆಗಬಹುದು. ಹಾಗಂತ ಆ ಎರಡನ್ನು ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯ ಇದೆ. ನಿಲ್ಲಿಸಲು ನಿಮ್ಮ ಕೈಯಲ್ಲಿರುವುದು ವಿಟಮಿನ್ ಒಂದೇ.

ತೊಂದರೆಯೇ ಇಲ್ಲ ಅನ್ನುವವರಿಗೆ ಒಂದಷ್ಟು ಹೇಳುತ್ತೇನೆ. 2008ರಲ್ಲಿ 14,641 ಅಮೆರಿಕನ್ ಡಾಕ್ಟರುಗಳ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ವಿಟಮಿನ್ ಇ ತಗೊಂಡವರಲ್ಲಿ ಮೆದುಳಿನಲ್ಲಿ ರಕ್ತ ಸೋರುವ ಸ್ಟ್ರೋಕ್ ಜಾಸ್ತಿ ಕಂಡಿತು. ಹೋಪ್ ಮುಂದುವರಿಸಿ 2005ರಲ್ಲಿ ಹೇಳಿದ್ದು, ಹಾರ್ಟ್ ಫೇಲ್ಯೂರ್ ಶೇಕಡಾ 13 ಹೆಚ್ಚು ಅಂತ. 2011ರಲ್ಲಿ 35 ಸಾವಿರಕ್ಕೂ ಜಾಸ್ತಿ ಗಂಡಸರ ಪರೀಕ್ಷೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಹೆಚ್ಚು. ಒಬ್ಬೊಬ್ಬರಿಗೆ ಇದು ಸಣ್ಣ ಅಪಾಯವೇ. ಆದರೆ ಲಾಭ ಸೊನ್ನೆ ಇರುವಾಗ ಸಣ್ಣ ಅಪಾಯ ಯಾಕೆ ಹೊರಬೇಕು?

ಇಷ್ಟೆಲ್ಲ ಹೇಳಿ ವಿಟಮಿನ್ ಇ ವ್ಯರ್ಥ ಅಂದುಕೊಳ್ಳಬೇಡಿ. ಕೆಲವರ ಕಣ್ಣಿನ ಅಕ್ಷಿಪಟಲದ ಸವೆತಕ್ಕೆ, ಸಕ್ಕರೆ ಕಾಯಿಲೆ ಇಲ್ಲದ ಕೆಲವರ ಫ್ಯಾಟಿ ಲಿವರಿಗೆ ಡಾಕ್ಟರೇ ನೋಡಿ ಕೊಡುತ್ತಾರೆ. ಅದು ಬೇರೆ ವಿಷಯ.

ಬೆಣ್ಣೆಹಣ್ಣು ಸೋಮವಾರಪೇಟೆ

ಹಾಗಾದರೆ ತಿಂದೇ ಪಡೆಯೋಣ. ನಮ್ಮ ತೋಟದ ಬೆಣ್ಣೆಹಣ್ಣಲ್ಲಿ ಇದೆಯಲ್ಲ? ಮಳೆಗಾಲದಲ್ಲಿ ರೇಟ್ ಇಲ್ಲದೆ ಬುಟ್ಟಿಗಟ್ಟಲೆ ಕೊಳೆಯುತ್ತದೆ.

ಗೋಣಿಕೊಪ್ಪ ಮೆಡಿಕಲ್ಸ್ ಹುಡುಗ

ಇದೆ, 100 ಗ್ರಾಮಿಗೆ ಎರಡು ಮಿಲಿಗ್ರಾಂ ಹತ್ತಿರ. ಕಡಲೆಕಾಯಿ ಬೀಜದಲ್ಲಿ 8, ಬಾದಾಮಿಯಲ್ಲಿ 25. ಸೂರ್ಯಕಾಂತಿ ಎಣ್ಣೆ ಒಂದು ದೊಡ್ಡ ಚಮಚಕ್ಕೆ ಐದೂವರೆ. ತೆಂಗಿನೆಣ್ಣೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಪಂದಿ (ಹಂದಿ) ಕೊಬ್ಬಿನಲ್ಲೂ ಅಷ್ಟೇ. ಅಡುಗೆಗೆ ಎಷ್ಟು ಕಾಚಂಪುಳಿ ಹುಳಿ ಹಾಕಿದರೂ ಬರುವುದಿಲ್ಲ!

ಅರೇಬಿಕಾ ಮಾವ

ಪಂದಿ ಸುದ್ದಿಗೆ ಬರಬೇಡ ಮಾರಾಯ.

ನಿವೃತ್ತ ಡಾಕ್ಟರ್, ಮಡಿಕೇರಿ

ಪಂದಿ ಬಿಡಿ, ಕಾಫಿ ಸುದ್ದಿಗೆ ಬರುತ್ತೇನೆ. ಪುಡಿ ಹಾಕಿ ಕುದಿಸಿ ಮಾಡುವ ಬೆಲ್ಲದ ಕಾಪಿ ದಿನಕ್ಕೆ ಐದಾರು ಲೋಟ ಕುಡಿಯುವವರು ನಮ್ಮಲ್ಲಿ ಇದ್ದಾರಲ್ಲ. ಕಾಫಿಯ ಎಣ್ಣೆಯಲ್ಲಿ ಕ್ಯಾಫೆಸ್ಟಾಲ್ ಅಂತ ಒಂದಿದೆ, ಎಲ್‌ಡಿಎಲ್ ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ಹಿಡಿದಿಡುತ್ತದೆ, ಕುದಿಸಿದ್ದರಲ್ಲಿ ಹಾಗೇ ಲೋಟಕ್ಕೆ ಬರುತ್ತದೆ. ರೋಬಸ್ಟಾದಲ್ಲಿ ಕಡಿಮೆ, ಅರೇಬಿಕಾದಲ್ಲಿ ಜಾಸ್ತಿ. ಮಾವ, ಕೋಪ ಮಾಡಿಕೊಳ್ಳಬೇಡಿ.

ಅರೇಬಿಕಾ ಮಾವ

ಇವತ್ತು ನನ್ನ ಗ್ರಹಚಾರ ಸರಿಯಿಲ್ಲ.

ಮೆಣಸಿನ ಬಳ್ಳಿ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮೈಸೂರಿಗೆ ಹೋಗಿ ಬಂದೆವು.

ಡಾಕ್ಟರ್ ಬೈಯಲಿಲ್ಲ. ಬಾಟಲಿ ತಿರುಗಿಸಿ ನೋಡಿ "ಇದು ಬೇಡ" ಅಂತ ಪಕ್ಕಕ್ಕಿಟ್ಟರು, ಅಷ್ಟೇ. ಎಲ್‌ಡಿಎಲ್ ಹೋದ ವರ್ಷ 62 ಇತ್ತು, ಈಗ 131. ಅಪ್ಪ ಆ ನಂಬರನ್ನು ಎರಡು ಸಲ ಓದಿಸಿಕೊಂಡರು. ಕಾಲು ನೋವಿಗೆ ಮಾಂಸಖಂಡದ ಒಂದು ರಕ್ತ ಪರೀಕ್ಷೆ ಮಾಡಿಸಿದರು, ನಾರ್ಮಲ್ ಬಂತು. ಆಮೇಲೆ ಲಂಡನ್ನಿನ ಒಂದು ಪರೀಕ್ಷೆಯ ಕಥೆ ಹೇಳಿದರು. ತೊಂದರೆಯಾಗುತ್ತದೆ ಅಂತ ಈ ಮಾತ್ರೆ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಖಾಲಿ ಮಾತ್ರೆ ಕೊಟ್ಟರಂತೆ. ಖಾಲಿ ಮಾತ್ರೆಗೂ ಹೆಚ್ಚುಕಡಿಮೆ ಅಷ್ಟೇ ತೊಂದರೆ ಹೇಳಿದರಂತೆ. ಅಪ್ಪ, "ಹಾಗಾದರೆ ನನ್ನ ನೋವು ಸುಳ್ಳಾ?" ಅಂದರು. "ನೋವು ನಿಜ, ಅದು ಮಾತ್ರೆಯದ್ದೇ ಅಂತ ಹೇಳಲಾಗದು" ಅಂತ ಬೇರೆ ಮಾತ್ರೆ, ಸ್ವಲ್ಪ ಕಡಿಮೆ ಡೋಸಿನಲ್ಲಿ ಶುರು ಮಾಡಿದ್ದಾರೆ. ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ.

ತಮ್ಮನಿಗೆ ಏನಂತ ಹೇಳುವುದು ಗೊತ್ತಾಗಲಿಲ್ಲ. ಪ್ರೀತಿಯಿಂದ ತಂದುಕೊಟ್ಟಿದ್ದಾನೆ. ಸದ್ಯಕ್ಕೆ ಹೇಳಿಲ್ಲ.

ಕುಶಾಲನಗರ ಗೃಹಿಣಿ

ಉಳಿದ ಕ್ಯಾಪ್ಸೂಲ್ ಬೇರೆಯವರಿಗೆ ಕೊಡಬೇಡಿ ಮತ್ತೆ. ನಮ್ಮ ಅತ್ತೆಗೆ ಬಂದದ್ದು ಹಾಗೇ.

ಮೆಣಸಿನ ಬಳ್ಳಿ

ಇಲ್ಲ ಅಕ್ಕ. ಅವ್ವ ತನ್ನ ಹಿಮ್ಮಡಿ ಬಿರುಕಿಗೆ ಹಚ್ಚಿಕೊಳ್ಳುತ್ತಿದ್ದಾರೆ.

ಇನ್ನೊಂದು ಹೇಳಲು ಮರೆತೆ. ದಿನಾ ಬಿಪಿ ಬರೆದಿಡಿ ಅಂತ ಡಾಕ್ಟರ್ ಹೇಳಿದ್ದಾರೆ. ಮಿಷನ್ ತಂದೆ. ಅಪ್ಪ ಬೇರೆ ಪುಸ್ತಕ ಬೇಡ ಅಂದರು. ಮಳೆ ಅಳತೆ ಬರೆಯುವ ಡೈರಿಯಲ್ಲೇ ಪಕ್ಕದಲ್ಲಿ ಗೆರೆ ಎಳೆದುಕೊಂಡಿದ್ದಾರೆ. ನಿನ್ನೆಯದು ನೋಡಿದೆ: ಮಳೆ ಇಲ್ಲ, 152. ಇವತ್ತು ಬೆಳಿಗ್ಗೆ ಹೂಮಳೆ ಬಂತು. ಒಂದು ಇಂಚು ಹತ್ತು ಸೆಂಟ್, 134.